ಭಾನುವಾರದ ರೋಗಿ

ಬಸ್ಸು ತಿರುವಿನಲ್ಲಿ ಕಾಣಿಸಿಕೊಳ್ಳುವುದಕ್ಕೂ ತಾನು ಮಾಡಿದ್ದು ಮೋಸವೇ ಎಂದು ಅವಳಿಗೆ ಖಾತ್ರಿಯಾಗುವುದಕ್ಕೂ ಸರಿಹೋಯಿತು. ಹೆಗಲಿಗೆ ಜೋತುಬಿದ್ದಿದ್ದ ಚೀಲದಲ್ಲಿ ನಾಲ್ಕು ಟವೆಲು, ಒಂದು ಹಳೆಯ ಚಾದರ, ಮಗಳ ಬದಲಿ ಬಟ್ಟೆ, ಅತ್ತೆಯ ಮಂಡಿಗೆ ಹಚ್ಚುವ ಎಣ್ಣೆಯ ಸೀಸೆ ಇದ್ದವು. ಎಲ್ಲಕ್ಕಿಂತ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸುತ್ತು ಸುತ್ತಿ, ನರ್ಸಿಂಗ್ ಮೊದಲ ವರ್ಷದ ಪ್ರಾಕ್ಟಿಕಲ್ ನೋಟ್ಸು ಇತ್ತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ. ‘ಕೆರೆಗೆ ಹೋಗೋ ಭಾನುವಾರ ಬೆಳಿಗ್ಗೆಯಿಂದ ಸಂಜೆ ತನಕ ಪುಸ್ತಕ ಮುಟ್ಟಲ್ಲ’ ಎಂದು ಮಗಳ ಡ್ರಾಯಿಂಗ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು ಸಹಿ ಹಾಕಿಕೊಟ್ಟು ಎಂಟು ದಿನವಾಗಿತ್ತು. ಸಾಕ್ಷಿಗೆಂದು ಅತ್ತೆಯೂ ಕನ್ನಡಕ ಹುಡುಕಿ ಹಾಕಿಕೊಂಡು ರುಜು ಮಾಡಿದ್ದರು. ಗಂಡ ಸಿಟಿ ಬಸ್ಸಿನ ಡ್ರೈವರು. ಅವನ ವಾರದ ರಜೆ ಯಾವ ದಿನ ಬೀಳುತ್ತದೆ ಎಂಬುದು ಡಿಪೋದವರಿಗೇ ಗೊತ್ತು. ಭಾನುವಾರದ ಮೇಲೆ ಬಿದ್ದದ್ದು ಎರಡು ತಿಂಗಳಲ್ಲಿ ಇದೇ ಮೊದಲು. ಇಂಥ ದಿನದ ಹೊಟ್ಟೆಯೊಳಗೆ ತಾನು ಕಳ್ಳಸಾಮಾನು ತುರುಕಿಕೊಂಡು ಬಂದಿದ್ದೇನೆ. ಮುಟ್ಟಲ್ಲ ಅಂದೆನೇ ಹೊರತು ತರಲ್ಲ ಅನ್ನಲಿಲ್ಲವಲ್ಲ ಎಂದು ತನ್ನಷ್ಟಕ್ಕೇ ವಾದ ಹೂಡಿದಳು. ವಾದ ಗೆದ್ದಿತು, ಆದರೆ ಚೀಲ ಹಗುರವಾಗಲಿಲ್ಲ.

ಬಸ್ಸಿನಲ್ಲಿ ಗಂಡ ಹಿಂದಿನ ಸೀಟೇ ಬೇಕೆಂದು ಹಟ ಹಿಡಿದು ಕಿಟಕಿಯ ಪಕ್ಕ ಕೂತ. ಇನ್ನೊಬ್ಬ ಓಡಿಸುವ ಬಸ್ಸಿನಲ್ಲಿ ಕೈಕಟ್ಟಿ ಕೂರುವುದು ಅವನಿಗೆ ವರ್ಷಕ್ಕೆರಡು ಸಲ ಸಿಗುವ ಸುಖ. ಆದರೆ ನಿಲ್ದಾಣ ಹತ್ತಿರವಾದಂತೆಲ್ಲ ಅವನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ‘ಏ, ಕಾಲು ಸುಮ್ನಿಡೋ. ನಿನ್ನಿಂದ ನಿಲ್ತಿದೆ ಅನ್ಕೊಂಡಿದೀಯಾ ಬಸ್ಸು?’ ಎಂದು ಅತ್ತೆ ಮಗನ ತೊಡೆಗೆ ಒಂದು ಕೊಟ್ಟರು. ಅವಳು ನಕ್ಕಳು. ನಕ್ಕ ಬಾಯಿ ಮುಚ್ಚುವಷ್ಟರಲ್ಲಿ ತಲೆಯೊಳಗೆ ನಾಳೆಯ ಪಾಠ ಮತ್ತೆ ಶುರುವಾಗಿತ್ತು: ಮೊದಲು ಕಣ್ಣು, ಮೂಗಿನ ಕಡೆಯ ಮೂಲೆಯಿಂದ ಹೊರಮೂಲೆಗೆ, ಸೋಪು ಹಾಕದೆ, ಆಮೇಲೆ ಮುಖ, ಕಿವಿ, ಕತ್ತು, ತನ್ನಿಂದ ದೂರವಿರುವ ಕೈ ಮೊದಲು, ಮಣಿಕಟ್ಟಿನಿಂದ ಹೆಗಲ ಕಡೆಗೆ, ಉದ್ದುದ್ದ ಎಳೆತ... ‘ಅಮ್ಮ, ನಿನ್ನ ತುಟಿ ಓದ್ತಿದೆ’ ಎಂದಳು ಮಗಳು. ಒಂಬತ್ತು ವರ್ಷದ ಹುಡುಗಿ. ಚಟಪಟ ಮಾತು ಸಿಡಿಸುತ್ತಾಳೆಂದು ಅಜ್ಜಿ ಅವಳನ್ನು ಚಿನಕುರುಳಿ ಎಂದು ಕರೆಯುತ್ತಾರೆ. ‘ಇಲ್ಲಮ್ಮ, ಹಾಡು ಗುನುಗ್ತಿದ್ದೆ.’ ‘ಯಾವ ಹಾಡು?’ ಅವಳಿಗೆ ಒಂದು ಹಾಡೂ ನೆನಪಾಗಲಿಲ್ಲ. ಮೂವತ್ತೇಳು ವರ್ಷ ಬದುಕಿದ ಹೆಂಗಸಿಗೆ ಕೇಳಿದ ತಕ್ಷಣ ಒಂದು ಹಾಡು ಬಾಯಿಗೆ ಬರುವುದಿಲ್ಲವೆಂದರೆ ಏನರ್ಥ? ಈಚೆಗೆ ಹೀಗೇ ಆಗಿತ್ತು. ಅಡಿಗೆಮನೆಯಲ್ಲಿ ನಿಂತರೆ ತಲೆಯೊಳಗೆ ಮೂಳೆಗಳ ಪಟ್ಟಿ. ಕ್ಲಾಸಿನಲ್ಲಿ ಕೂತರೆ ಮಗಳ ಶೂಗೆ ಪಾಲಿಷ್ ಹಾಕಿದೆನೋ ಇಲ್ಲವೋ. ಎಲ್ಲಿದ್ದರೂ ಅಲ್ಲಿಗೆ ಬೇಕಾದವಳು ಇನ್ನೊಂದು ಕಡೆ ಇರುತ್ತಿದ್ದಳು.

ಶುಕ್ರವಾರವೂ ಇಂಥದ್ದೇ ಹಿತವಾದ ಬಿಸಿಲಿತ್ತು, ಪ್ರಾಕ್ಟಿಕಲ್ ಕೋಣೆಯ ಕಿಟಕಿಗಳಿಂದ ಮಂಚಗಳ ಮೇಲೆ ಚೌಕಚೌಕವಾಗಿ ಬಿದ್ದಿತ್ತು. ಕೊನೆಯ ಮಂಚದ ಮೇಲೆ ಮಲಗಿರುವ ಪ್ಲಾಸ್ಟಿಕ್ ಬೊಂಬೆಗೆ ಹುಡುಗಿಯರು ‘ಭಾವ’ ಎಂದು ಹೆಸರಿಟ್ಟಿದ್ದರು: ಏನು ಕೇಳಿದರೂ ಮಾತಾಡದೆ ಬಿದ್ದಿರುತ್ತಾನೆ, ಹೊತ್ತಿಗೆ ಸರಿಯಾಗಿ ಎಲ್ಲ ಸೇವೆಯೂ ಆಗಬೇಕು, ಇನ್ನೇನೆಂದು ಕರೆಯಬೇಕು? ಹಾಸಿಗೆ ಹಿಡಿದ ರೋಗಿಗೆ ಮಲಗಿದಲ್ಲೇ ಮೈ ಒರೆಸಿ ಸ್ನಾನ ಮಾಡಿಸುವುದನ್ನು ಒಬ್ಬೊಬ್ಬರೇ ಮಾಡಿ ತೋರಿಸಬೇಕಿತ್ತು. ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು ಅರ್ಧರ್ಧ ಗಂಟೆ ತಡವರಿಸಿದರು. ಒಬ್ಬಳು ಭಾವನ ಕೈಯನ್ನು ಹೆಗಲಿನಿಂದಲೇ ಕಿತ್ತುಕೊಂಡು ನಿಂತಳು. ತನ್ನ ಸರದಿ ಬಂದಾಗ ಅವಳು ಒಳಗೊಳಗೇ ಹಿಗ್ಗಿದ್ದಳು. ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಕೀಲು ಮುರಿದುಕೊಂಡಾಗ ನಾಲ್ಕು ತಿಂಗಳು ದಿನಾ ಇದೇ ಕೆಲಸ. ಮನೆಯಲ್ಲಿ ಕೂತು ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದವಳಿಗೆ, ನೀವ್ಯಾಕೆ ನರ್ಸಿಂಗ್ ಓದಬಾರದು ಎಂದು ಮನೆಗೆ ಬರುತ್ತಿದ್ದ ನರ್ಸಮ್ಮ ಕೇಳಿದ್ದೂ ಆಗಲೇ. ಸೆರಗು ಸಿಕ್ಕಿಸಿಕೊಂಡು ಹನ್ನೊಂದು ನಿಮಿಷದಲ್ಲಿ ಮುಗಿಸಿ, ಟವೆಲು ಹಿಂಡಿ, ಮಡಿಚಿ, ನಿಂತಳು. ಟ್ಯೂಟರ್ ಮೇಡಂ ಅವಳಿಗಿಂತ ಆರು ವರ್ಷ ಚಿಕ್ಕವಳು. ಭಾವನನ್ನು ಒಂದು ಗಳಿಗೆ ನೋಡಿದಳು. ‘ಚೆನ್ನಾಗಿ ತೊಳೆದ್ರಿ’ ಅಂದಳು. ‘ಇದೇನು ಪಾತ್ರೆನಾ?’

ಎಲ್ಲರೂ ನಕ್ಕರು. ‘ಪರದೆ ಎಳೀಲಿಲ್ಲ. ನೀರು ಎಷ್ಟು ಬಿಸಿ ಇದೆ ಅಂತ ನೋಡ್ಲಿಲ್ಲ. ಒಂದು ಮಾತಾಡ್ಲಿಲ್ಲ. ರೋಗಿ ಮುಖ ನೋಡಿದ್ರಾ, ಒಂದ್ಸಲನಾದ್ರೂ?’ ಆಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ‘ಅದು ಬೊಂಬೆ ಅಲ್ವಾ ಮೇಡಂ’ ಎಂದು ಅವಳ ಬಾಯಿಂದ ಹೊರಟುಹೋಯಿತು. ನಗು ಇನ್ನೂ ಜೋರಾಯಿತು. ಮೇಡಂ ಮಾತ್ರ ನಗಲಿಲ್ಲ. ‘ಸೋಮವಾರ ಬೊಂಬೆ ಇರಲ್ಲ, ಮನುಷ್ಯರಿರ್ತಾರೆ. ಅಭ್ಯಾಸ ಮಾಡ್ಕೊಂಡು ಬನ್ನಿ. ನಿಮಗೆ ಕೆಲಸ ಬರುತ್ತೆ. ಅದೇ ತೊಂದರೆ.’ ಆ ಕೊನೆಯ ಮಾತು ಮಾಂಸದೊಳಗೆ ಮುರಿದುಕೊಂಡ ಮುಳ್ಳು. ಕೆಲಸ ಬರುವುದೇ ತೊಂದರೆ ಎಂದರೆ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೆಲ್ಲ ತೊಂದರೆಯೇ? ಕೈತೊಳೆಯುವ ನಲ್ಲಿಯ ಹತ್ತಿರ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಾಗ, ಭಾವನ ಕೈ ಕಿತ್ತ ಹುಡುಗಿ ಬಂದು ಪೆಪ್ಪರ್‌ಮಿಂಟ್ ಕೊಟ್ಟು, ‘ಬಿಡಿ ಅಕ್ಕ, ಭಾವನೇ ಬೇಜಾರು ಮಾಡ್ಕೊಂಡಿಲ್ಲ’ ಎಂದು ಸಮಾಧಾನ ಹೇಳಿದಳು. ಅವಳಿಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆಯ ನಾಲ್ಕು ತಿಂಗಳನ್ನೂ ಸೇರಿಸಿ ಹೇಳಬೇಕಾಗುತ್ತಿತ್ತು.

ಕೆರೆಯ ಏರಿಯಿಂದ ಕೆಳಗೆ ಹುಲ್ಲು ಹಾಸಿದ ಜಾಗ, ಬೆಂಚುಗಳು, ನೀರಿನಂಚಿಗೆ ಕಟ್ಟಿದ ದೋಣಿಗಳು. ಹಂಸದ ಆಕಾರದ ಪೆಡಲು ದೋಣಿಗಳ ಕೊಕ್ಕಿನ ಬಣ್ಣ ಉದುರಿಹೋಗಿ, ಎಲ್ಲ ಹಂಸಗಳೂ ಏನೋ ಕದ್ದು ತಿಂದು ಸಿಕ್ಕಿಬಿದ್ದಂತೆ ಕಾಣುತ್ತಿದ್ದವು. ಮರದ ನೆರಳಿನಲ್ಲಿ ಚಾಪೆ ಹಾಸಿ, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಕಿತ್ತಳೆ ಹಣ್ಣು ತಿಂದರು. ಗಂಡ ಹೊಟ್ಟೆ ಸವರಿಕೊಂಡು ‘ಹಾರ್ನ್ ಶಬ್ದವೇ ಇಲ್ಲ ನೋಡು’ ಅಂದ. ಹೌದಲ್ಲ ಅಂದಳು. ಸಂಜೆಯಾಗಲು ಇನ್ನೂ ಐದು ತಾಸಿದೆ, ಆಮೇಲೆ ಮನೆಗೆ ಹೋಗಿ ಪುಸ್ತಕ ತೆಗೆದರೆ ಅಡಿಗೆಯ ಹೊತ್ತು ಕಳೆದು ಎರಡು ಗಂಟೆ ಸಿಗಬಹುದು ಎಂದು ಒಳಗಿನ ಲೆಕ್ಕ ಹಾಗೇ ನಡೆದಿತ್ತು. ಕಾಲು ತೊಳೆದುಕೊಂಡು ಬಂದ ಮಗಳು ಟವೆಲಿಗಾಗಿ ಚೀಲಕ್ಕೆ ಕೈ ಹಾಕಿದಳು. ಮೇಲಿನದು ಬಿಟ್ಟು ಅಡಿಯದನ್ನೇ ಎಳೆದಳು, ಮಕ್ಕಳು ಎಳೆಯುವುದೇ ಹಾಗೆ. ಪ್ಲಾಸ್ಟಿಕ್ ಕವರು ಚಾಪೆಯ ಮೇಲೆ ಜಾರಿ ಬಿತ್ತು.

‘ಅಮ್ಮಾ.’

‘ಅದು... ಹಾಗೇ ಬಂದುಬಿಟ್ಟಿದೆ ಪುಟ್ಟಾ.’

‘ಕವರಲ್ಲಿ ಸುತ್ಕೊಂಡಾ?’

ಅತ್ತೆ ಕಿತ್ತಳೆಯ ತೊಳೆಯಿಂದ ಬೀಜ ಬಿಡಿಸುವುದರಲ್ಲಿ ವಿಪರೀತ ಮಗ್ನರಾದರು. ಗಂಡ ಕವರನ್ನು ಎತ್ತಿಕೊಂಡು, ‘ಒದ್ದೆ ಟವೆಲ್ ಜೊತೆ ಇಟ್ರೆ ಅಕ್ಷರ ಕಲಸ್ಹೋಗುತ್ತೆ. ಇಲ್ಲಿರ್ಲಿ’ ಎಂದು ತನ್ನ ಪಕ್ಕದಲ್ಲಿಟ್ಟು, ಗಾಳಿಗೆ ಹಾರದಂತೆ ಮೇಲೆ ಚಪ್ಪಲಿ ಹೇರಿದ. ಬೈದಿದ್ದರೆ ಅವಳ ಹತ್ತಿರ ಉತ್ತರವಿತ್ತು. ಮೂರು ದಿನದಿಂದ ತಯಾರು ಮಾಡಿಟ್ಟುಕೊಂಡ ಒಳ್ಳೆಯ ಉತ್ತರ. ಯಾರೂ ಬೈಯದಿದ್ದರೆ ಅದನ್ನು ಎಲ್ಲಿ ಇಡುವುದು? ಮಗಳಾದರೂ ಅಳಬಹುದಿತ್ತು. ಮಗಳು ಸ್ವಲ್ಪ ಹೊತ್ತು ತಾಯಿಯ ಮುಖ ನೋಡಿ, ದೊಡ್ಡವರು ಚಿಕ್ಕವರಿಗೆ ಹೇಳುವ ದನಿಯಲ್ಲಿ ಅಂದಳು: ‘ಹತ್ತು ನಿಮಿಷ ಓದ್ಕೋ. ನಾನು ಆ ಕಡೆ ನೋಡ್ತಿರ್ತೀನಿ.’ ಅಂದವಳು ನಿಜವಾಗಿಯೇ ಬೆನ್ನು ತಿರುಗಿಸಿ ಕೂತಳು. ಎರಡು ಜಡೆ, ನಡುವೆ ಸೊಟ್ಟ ಬೈತಲೆ. ಆ ಬೈತಲೆ ಬೆಳಿಗ್ಗೆ ತಾನೇ ತೆಗೆದದ್ದು, ಒಂದು ಕಣ್ಣು ಗೋಡೆಗೆ ಅಂಟಿಸಿದ ಮೂಳೆಗಳ ಚಾರ್ಟಿನ ಮೇಲಿಟ್ಟು. ನಾಚಿಕೆ ಕಾಲಿನಿಂದ ಮೇಲಕ್ಕೆ ಬಂತು. ‘ಬೇಡ, ನಾನು ಓದಲ್ಲ. ಸ್ವಲ್ಪ ಕಣ್ಣು ಉರೀತಿದೆ ಅಷ್ಟೆ’ ಎಂದು ಚಾಪೆಯ ಅಂಚಿಗೆ ಒರಗಿ, ಮುಖ ಕಾಣದಿರಲೆಂದು ಮೊಣಕೈಯನ್ನು ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡಳು. ಎರಡು ನಿಮಿಷ ಹೀಗಿದ್ದು ಏಳುತ್ತೇನೆ, ಎದ್ದು ಮಗಳ ಜೊತೆ ನೀರಿಗೆ ಇಳಿಯುತ್ತೇನೆ, ಇಳಿದು ನಗುನಗುತ್ತಾ...

ಎಚ್ಚರವಾದಾಗ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಬಾಯಿ ತೆರೆದುಕೊಂಡಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದು ಮುಟ್ಟದೆಯೇ ಗೊತ್ತಾಗುತ್ತಿತ್ತು. ಯಾರೋ ಮೈಮೇಲೆ ಟವೆಲು ಹೊದಿಸಿದ್ದರು. ನೆರಳು ಆಗಲೇ ಇನ್ನೊಂದು ಕಡೆಗೆ ಹೋಗಿತ್ತು, ಆದರೆ ಮುಖದ ಮೇಲೆ ಬಿಸಿಲಿರಲಿಲ್ಲ; ಯಾರೋ ಅವಳನ್ನು ಚಾಪೆಯ ಸಮೇತ ಎಳೆದು ನೆರಳಿಗೆ ಸೇರಿಸಿದ್ದರು. ಅಷ್ಟಕ್ಕೂ ಎಚ್ಚರವಾಗಿರಲಿಲ್ಲವೆಂದರೆ! ಎಷ್ಟು ಹೊತ್ತಾಯಿತೋ, ಓದೂ ಇಲ್ಲ, ಆಟವೂ ಇಲ್ಲ, ಎರಡೂ ಕೈಬಿಟ್ಟು ಗೊರಕೆ ಹೊಡೆದಿದ್ದೇನೆ. ಏಳಬೇಕೆಂದುಕೊಂಡಳು, ಆದರೆ ಮೈ ಕೇಳಲಿಲ್ಲ. ಕೈಕಾಲಿನ ಒಂದೊಂದು ಕೀಲೂ ಸಡಿಲವಾಗಿ, ತೊಳೆದು ಒಣಹಾಕಿದಂತೆ ಹಾಯಾಗಿತ್ತು. ಅಷ್ಟರಲ್ಲಿ ತೀರ ಹತ್ತಿರದಲ್ಲಿ ಅತ್ತೆಯ ದನಿ, ಶಾಲೆಯ ಮಗುವಿನಂತೆ ಅಕ್ಷರಕ್ಕಕ್ಷರ ಕೂಡಿಸಿ ಓದುತ್ತಿದ್ದದ್ದು ಕೇಳಿಸಿತು.

‘“ನರ್ಸ್ ಮೊದಲು ತನ್ನ ಪರಿಚಯ ಹೇಳಿಕೊಳ್ಳಬೇಕು.” ಹೇಳ್ಕೋ.’

‘ನಾನು ನರ್ಸ್’ ಎಂದಳು ಮಗಳು.

‘ಬರೀ ನರ್ಸಾ? ಹೆಸರಿಲ್ವಾ?’

‘ಸಾಕು ಅಜ್ಜಿ, ಹೊತ್ತಾಗುತ್ತೆ.’

‘ರೋಗಿಗೆ ಏನಾಗಿದೆ?’

‘ಸೊಂಟ, ಮಂಡಿ, ಬೆನ್ನು, ಮೇಲಧಿಕಾರಿ’ ಎಂದ ಗಂಡನ ದನಿ ನೆಲಮಟ್ಟದಿಂದ ಬಂತು. ಅವಳು ಮೊಣಕೈ ಸಂದಿನಿಂದ ಕಣ್ಣು ಬಿಟ್ಟು ನೋಡಿದಳು. ಗಂಡ ಚಾದರದ ಮೇಲೆ ಅಂಗಾತ ಮಲಗಿ ನರಳುತ್ತಿದ್ದ. ಅತ್ತೆ ಕನ್ನಡಕ ಏರಿಸಿಕೊಂಡು, ಅವಳ ನೋಟ್ಸನ್ನು ದೂರ ಹಿಡಿದು, ಪರೀಕ್ಷೆ ನಡೆಸುವವರ ಗತ್ತಿನಲ್ಲಿ ಬೆಂಚಿನ ಮೇಲೆ ಕೂತಿದ್ದರು. ಮಗಳ ಆಟದ ಬಕೆಟ್ಟಿನಲ್ಲಿ ಕೆರೆಯ ನೀರು. ‘“ಸ್ನಾನ ಮಾಡಿಸುವ ವಿಧಾನ.” ಶುರು ಮಾಡು’ ಎಂದರು ಅತ್ತೆ. ಮಗಳು ಟವೆಲು ಅದ್ದಿ ಹಿಂಡಿ ಅಪ್ಪನ ಮೇಲೆ ಬಿದ್ದಳು. ‘ಕೈ ಎತ್ತು. ಇನ್ನೊಂದು. ಕತ್ತು. ಈ ಕಡೆ ತಿರುಗು. ಅಲ್ಲಾಡ್ಬೇಡ. ಅಲ್ಲಾಡ್ಬೇಡ ಅಂದ್ನಲ್ಲ. ಆಯ್ತು, ಏಳು ಏಳು, ಸ್ಕೂಲ್ ವ್ಯಾನ್ ಬಂತು.’

‘ಇನ್ನೂ ಕಿವಿ ಒರೆಸ್ಲಿಲ್ವಲ್ಲ’ ಎಂದ ರೋಗಿ.

‘ಕಿವಿ ಶನಿವಾರ.’

‘ಇಲ್ಲಿ ಹೀಗಿಲ್ವಲ್ಲೇ ಚಿನಕುರುಳಿ’ ಎಂದರು ಅತ್ತೆ, ಹಾಳೆಯ ಮೇಲೆ ಬೆರಳಾಡಿಸುತ್ತಾ. ‘ರೋಗಿ ಜೊತೆ ಮಾತಾಡ್ತಾ ಇರ್ಬೇಕು ಅಂತ ಬರೆದಿದೆ.’

‘ಅಮ್ಮ ಹೀಗೇ ಮಾಡೋದು’ ಎಂದಳು ಮಗಳು.

ದೂರು ಹೇಳುವ ದನಿಯಲ್ಲ. ಮನೆಯ ವಿಳಾಸ ಕೇಳಿದವರಿಗೆ ಹೇಳುವ ದನಿ. ಅವಳು ಹಾಗೇ ಬಿದ್ದುಕೊಂಡಿದ್ದಳು. ಗಂಡನ ಮೈಮೇಲೆ ಸರಸರ ಓಡಾಡಿದ ಆ ಪುಟ್ಟ ಕೈಗಳು ತನ್ನವೇ. ಮಣಿಕಟ್ಟು ತಿರುಗಿಸುವ ರೀತಿ, ಟವೆಲನ್ನು ಹೆಗಲ ಮೇಲೆ ಎಸೆದುಕೊಳ್ಳುವ ರೀತಿ, ಒರೆಸುವಾಗ ಕಣ್ಣು ಎಲ್ಲೋ ದೂರದಲ್ಲಿ ಗಡಿಯಾರ ಹುಡುಕುವ ರೀತಿ, ಎಲ್ಲವೂ. ದಿನಾ ಬೆಳಿಗ್ಗೆ ಏಳೂಕಾಲಿಗೆ ಬಚ್ಚಲಲ್ಲಿ ಮಗಳಿಗೆ ಸ್ನಾನ ಮಾಡಿಸುವಾಗ ನಡೆಯುವುದು ಇದೇ. ಟ್ಯೂಟರ್ ಮೇಡಂ ಬಂದು ನೋಡಿಕೊಂಡು ಹೋಗಿದ್ದಳೇ? ಈ ಮಗುವಿನ ಬೆನ್ನಿನ ಮೇಲೆ ಎರಡು ಮಚ್ಚೆ ಇವೆ ಎಂದು ಗೊತ್ತು. ಒರೆಸುವಾಗ ಅವು ಕೈಕೆಳಗೆ ಹಾದುಹೋಗುತ್ತವೆ. ಆ ಹೊತ್ತಿನಲ್ಲಿ ಅದರ ಮುಖ ಹೇಗಿರುತ್ತದೆ ಎಂದು ನೆನೆಸಿಕೊಳ್ಳಲು ಹೋದಳು, ಆಗಲಿಲ್ಲ. ದುಃಖ ಬರುತ್ತದೆಂದು ಕಾದಳು. ಬಂದದ್ದು ನಗು. ಕಿವಿ ಶನಿವಾರ! ಎಷ್ಟು ಚೆನ್ನಾಗಿ ಕಲಿತಿದೆ ಕಳ್ಳಮುಂಡೇದು! ತಡೆಯಲು ಹೋದಷ್ಟೂ ಹೊಟ್ಟೆ ಕುಣಿದು, ಮೈಮೇಲಿನ ಟವೆಲು ಅಲುಗಾಡಿ, ಕೊನೆಗೆ ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು.

‘ಅಮ್ಮ ಎದ್ಲು!’

ಎದ್ದು ಕೂತಾಗ ಅವಳ ಕಣ್ಣಿನಲ್ಲಿ ನೀರು ಧಾರಾಳವಾಗಿತ್ತು. ಅದರಲ್ಲಿ ನಗುವಿನದೆಷ್ಟು, ಇನ್ನೊಂದರದೆಷ್ಟು ಎಂದು ವಿಂಗಡಿಸಲು ಹೋಗಲಿಲ್ಲ. ಎಷ್ಟು ಹೊತ್ತು ಮಲಗಿದ್ದೆ ಎಂದು ಕೇಳಿದಳು. ಒಂದೂಮುಕ್ಕಾಲು ಗಂಟೆ ಎಂದ ಗಂಡ, ಮಲಗಿದಲ್ಲಿಂದಲೇ. ‘ಎರಡು ಸಲ ನಾಡಿ ನೋಡಿದ್ವಿ’ ಎಂದರು ಅತ್ತೆ. ಶುಕ್ರವಾರದ್ದನ್ನು ಅವಳು ಆಗ ಹೇಳಿಬಿಟ್ಟಳು. ಭಾವ, ಹನ್ನೊಂದು ನಿಮಿಷ, ಪಾತ್ರೆ, ಹುಡುಗಿಯರ ನಗು, ಎಲ್ಲ. ಹೇಳುತ್ತಾ ಹೇಳುತ್ತಾ ತಾನೇ ಮೇಡಂ ಆಗಿ ಹುಬ್ಬು ಏರಿಸಿ ತೋರಿಸಿದಳು. ಎರಡು ದಿನ ಒಳಗೇ ಸಿಕ್ಕಿಕೊಂಡಿದ್ದ ಸಂಗತಿ ಹೊರಗೆ ಬಂದ ಮೇಲೆ ಇಷ್ಟೇ ಇಷ್ಟಿತ್ತು. ‘ಅದು ಬೊಂಬೆ ಅಲ್ವಾ ಮೇಡಂ’ ಎಂಬಲ್ಲಿಗೆ ಬಂದಾಗ ಗಂಡ ಚಾದರದ ಮೇಲೆ ಉರುಳಾಡಿದ. ‘ಸರಿ, ಈಗ ನನ್ನ ಸರದಿ. ಸರಿಯಾಗಿ ಮಾಡಿ ತೋರಿಸ್ತೀನಿ. ಯಾರು ರೋಗಿ?’ ಎಂದಳು. ‘ನಂಗೆ ಆಗ್ಲೇ ಡಿಸ್ಚಾರ್ಜ್ ಆಯ್ತು’ ಎಂದು ಗಂಡ ದಡಬಡ ಎದ್ದ. ಅತ್ತೆ ನೋಟ್ಸನ್ನು ಮೊಮ್ಮಗಳ ಕೈಗೆ ಕೊಟ್ಟು, ಬೆಂಚಿನಿಂದ ನಿಧಾನಕ್ಕೆ ಇಳಿದರು. ‘ನಾನಾಗ್ತೀನಿ. ನಂಗೆ ಅಭ್ಯಾಸ ಇದೆ.’

ಅಪ್ಪ ಮಗಳು ಚಾದರದ ಎರಡು ತುದಿ ಹಿಡಿದು ಪರದೆಯಾಗಿ ನಿಂತರು. ಅತ್ತೆ ಚಾಪೆಯ ಮೇಲೆ ಮಲಗಿದರು, ತಲೆಯಡಿಗೆ ಸುತ್ತಿದ ಟವೆಲು. ಒರೆಸುವುದು ಮುಖ, ಕೈ, ಕಾಲು ಮಾತ್ರ ಎಂದು ಒಪ್ಪಂದವಾಯಿತು. ಅವಳು ಮಂಡಿಯೂರಿ ಕೂತು, ಬಕೆಟ್ಟಿಗೆ ಬೆರಳು ಅದ್ದಿ ನೋಡಿ, ಅತ್ತೆಯ ಮುಖ ನೋಡಿದಳು. ಹತ್ತಿರದಿಂದ, ಹಗಲಿನ ಬೆಳಕಿನಲ್ಲಿ, ಮೇಲಿನಿಂದ. ಎಡ ಹುಬ್ಬಿನೊಳಗೆ ಒಂದು ಹಳೆಯ ಗಾಯದ ಗುರುತಿತ್ತು. ಹದಿನಾಲ್ಕು ವರ್ಷದಲ್ಲಿ ಅದನ್ನು ಒಮ್ಮೆಯೂ ನೋಡಿರಲಿಲ್ಲ.

‘ನೀರು ಸ್ವಲ್ಪ ತಣ್ಣಗಿದೆ ಅತ್ತೆ. ಪರವಾಗಿಲ್ವಾ?’

‘ಈ ಪ್ರಶ್ನೆ ಪುಸ್ತಕದಲ್ಲಿದೆಯಾ?’

‘ಇದೆ.’

‘ಆಗ ಇರ್ಲಿಲ್ವಲ್ಲ ನಿನ್ನ ಹತ್ರ ಪುಸ್ತಕ’ ಎಂದರು. ಆಮೇಲೆ ಮರದ ಕಡೆ ನೋಡುತ್ತಾ, ‘ಬಿಸಿ ಇರ್ತಿತ್ತು ಕಣೇ. ಆ ನಾಲ್ಕು ತಿಂಗಳೂ. ಸುಡ್ತಿತ್ತು’ ಅಂದರು.

ಟವೆಲಿನಿಂದ ನೀರು ಅವಳ ಮಡಿಲಿಗೆ ತೊಟ್ಟಿಕ್ಕಿತು. ‘ದಿನಾನಾ?’

‘ದಿನಾ ಏನಿಲ್ಲ. ಇವನಿಗೆ ರಜಾ ಇದ್ದ ದಿನ ಸರಿಯಾಗಿರ್ತಿತ್ತು.’

‘ನಾನು ಬೆರಳಿಟ್ಟು ನೋಡ್ತಿದ್ದೆ’ ಎಂದಿತು ಪರದೆ.

‘ಪರದೆ ಮಾತಾಡ್ಬಾರ್ದು’ ಎಂದಳು ಮಗಳು.

‘ಹೇಳ್ಬಾರ್ದಿತ್ತಾ ಅತ್ತೆ? ಒಂದು ಮಾತು?’

‘ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ನೀನು ಒರೆಸಿ ಮುಗಿಸಿ, ಬಟ್ಟೆ ಹಾಕಿ, ಬಾಗಿಲಾಚೆ ಹೋಗಿರ್ತಿದ್ದೆ. ಮಿಂಚು ಬಂದ ಹಾಗೆ.’ ಅತ್ತೆ ನಕ್ಕರು, ಆದರೆ ನಗು ಪೂರ್ತಿಯಾಗಲಿಲ್ಲ. ‘ನಿಜ ಹೇಳ್ಲಾ? ಅಷ್ಟು ಬೇಗ ಮುಗಿಸ್ತಾಳಲ್ಲ, ನನ್ನ ಮೈ ಮುಟ್ಟೋಕೆ ಇಷ್ಟ ಇಲ್ವೇನೋ ಅನ್ಕೊಂಡಿದ್ದೆ.’

ಆ ದಿನಗಳ ಕೋಣೆ ಅವಳ ಕಣ್ಣಿಗೆ ಬಂತು. ಅರ್ಧ ತೆರೆದ ಕಿಟಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ ಅತ್ತೆ, ಹಬೆಯಾಡುವ ಪಾತ್ರೆ. ಆ ಮೈಯನ್ನು ಮೊದಲ ದಿನ ತಿರುಗಿಸಿದಾಗ ಅತ್ತೆಯ ಬಾಯಿಂದ ಬಂದ ಸದ್ದು ಇನ್ನೂ ಕಿವಿಯಲ್ಲಿತ್ತು. ಆವತ್ತಿನಿಂದ ಅವಳ ಕೈಗಳು ಓಡತೊಡಗಿದ್ದವು. ಓಡುವುದೇ ರೂಢಿಯಾಗಿ, ಯಾಕೆ ಓಡುತ್ತಿದ್ದೇನೆಂಬುದು ಮರೆತೇಹೋಗಿತ್ತು. ‘ಅಯ್ಯೋ ಅತ್ತೆ, ಭಯ’ ಎಂದಳು. ‘ನಿಮಗೆ ನೋವಾಗುತ್ತೆ ಅಂತ ಭಯ. ಬೇಗ ಮುಗಿದ್ರೆ ನೋವು ಕಮ್ಮಿ ಅಂತ. ನಿಮ್ಮ ಮುಖ ನೋಡಿದ್ರೆ ನನ್ನ ಕೈ ನಡುಗ್ತಿತ್ತು. ಅದಕ್ಕೇ ನೋಡ್ತಿರ್ಲಿಲ್ಲ.’ ಹೇಳುವ ತನಕ ಅವಳಿಗೂ ಇದು ಗೊತ್ತಿರಲಿಲ್ಲ. ಹೇಳಿದ ಮೇಲೆ ಬೇರೆ ಯಾವ ಕಾರಣವೂ ಇರಲು ಸಾಧ್ಯವಿಲ್ಲ ಎನಿಸಿತು.

ಅತ್ತೆ ಕತ್ತು ಹೊರಳಿಸಿ ಸೊಸೆಯನ್ನು ನೋಡಿದರು. ‘ಹಾಗಾ?’ ಎಂದರು. ‘ಛೆ, ನೋಡು. ಎರಡು ವರ್ಷದಿಂದ ನಿನ್ನ ಮೇಲೊಂದು ಕೋಪ ಜೋಪಾನವಾಗಿ ಇಟ್ಕೊಂಡಿದ್ದೆ. ಎಲ್ಲಾ ದಂಡ ಆಯ್ತು.’ ಮೊದಲು ನಕ್ಕದ್ದು ಪರದೆ; ಅದು ಒಂದು ಕಡೆ ಕುಸಿದು, ಹಾದಿಯಲ್ಲಿ ಹೋಗುತ್ತಿದ್ದ ಇಬ್ಬರು ಇದೇನೆಂದು ನಿಂತು ನೋಡಿದರು. ‘ಏ, ಸರಿಯಾಗಿ ಹಿಡೀರೋ, ನನ್ನ ಮರ್ಯಾದೆ ಪ್ರಶ್ನೆ’ ಎಂದು ಅತ್ತೆ ಮಲಗಿದಲ್ಲಿಂದಲೇ ಗದರಿದರು. ಆಮೇಲೆ ಅವಳು ಕೆಲಸ ಶುರು ಮಾಡಿದಳು. ಕಣ್ಣು, ಹಣೆ, ಹುಬ್ಬಿನ ಗಾಯ. ಅದೇನೆಂದು ಕೇಳಿದಳು, ಏಳು ವರ್ಷದವರಿದ್ದಾಗ ಅಕ್ಕ ಎಸೆದ ಸ್ಲೇಟು ಎಂದರು ಅತ್ತೆ. ಸ್ಲೇಟು ಎಸೆದದ್ದು ಯಾಕೆಂಬ ಕಥೆ ಮುಗಿಯುವಷ್ಟರಲ್ಲಿ ಎರಡು ಕೈಯೂ ಮುಗಿದವು. ಕಾಲಿನ ಹತ್ತಿರ ಬಂದಾಗ ಅತ್ತೆ ಮಾತು ನಿಲ್ಲಿಸಿ ಕಣ್ಣು ಮುಚ್ಚಿದರು. ‘ನೋವಾಯ್ತಾ?’ ‘ಇಲ್ಲ ಕಣೇ. ಚೆನ್ನಾಗಿದೆ. ನಿಧಾನವಾಗೇ ಮಾಡು.’ ಅವಳು ನಿಧಾನವಾಗಿ ಮಾಡಿದಳು. ನಿಧಾನ ಮಾಡಿದಾಗ ಕೈಗೆ ಎಷ್ಟೊಂದು ಗೊತ್ತಾಗುತ್ತಿತ್ತು: ಮೀನಖಂಡ ಎಲ್ಲಿ ಬಿಗಿದಿದೆ, ಮಂಡಿಯ ಯಾವ ಪಕ್ಕ ಬಿಸಿಯಿದೆ, ಎಲ್ಲಿ ಚರ್ಮ ಒಣಗಿದೆ. ಹನ್ನೊಂದು ನಿಮಿಷದಲ್ಲಿ ಇದನ್ನೆಲ್ಲ ದಾಟಿ ಓಡಿಹೋಗಿದ್ದೆನಲ್ಲ ಎಂದುಕೊಂಡಳು. ಪರದೆಯ ಚಿಕ್ಕ ತುದಿ ‘ಕೈ ನೋಯ್ತಿದೆ’ ಎಂದು ದೂರಿದಾಗ ಮೂವತ್ತೆರಡು ನಿಮಿಷವಾಗಿತ್ತು. ‘ನಂಗೂ ಮಾಡು ಅಮ್ಮ’ ಎಂದು ಚಾದರ ಬಿಸಾಡಿ ಮಗಳು ಅಜ್ಜಿಯ ಪಕ್ಕ ಬಿದ್ದುಕೊಂಡಳು. ಅವಳು ಆ ಪುಟ್ಟ ಮುಖವನ್ನೂ ಒರೆಸಿದಳು. ಒರೆಸುವಾಗ ಆ ಮುಖ ಹೇಗಿರುತ್ತದೆ ಎಂದು ನೋಡಿದಳು: ಮೂಗು ಸುಕ್ಕಾಗಿ, ನಾಲಗೆ ತುದಿ ಹೊರಗೆ ಬಂದು, ಉಸಿರು ಬಿಗಿಹಿಡಿದು. ಕಿವಿಯನ್ನೂ ಒರೆಸಿದಳು.

ಸೋಮವಾರದ ಪರೀಕ್ಷೆಯಲ್ಲಿ ಅವಳು ಪಾಸಾದಳು. ಬಹಳ ದೊಡ್ಡ ಅಂಕವೇನಲ್ಲ, ನೂರಕ್ಕೆ ಎಪ್ಪತ್ತೊಂದು. ಕಾಲು ಮುರಿದುಕೊಂಡು ಮಲಗಿದ್ದ ಮುದುಕರೊಬ್ಬರಿಗೆ ಮೈ ಒರೆಸಿದಳು. ಅವರು ತಮ್ಮ ಅಂಗಡಿಯ ಕಥೆಯನ್ನೆಲ್ಲ ಹೇಳಿದರು. ಹೊತ್ತು ಮೀರಿದ್ದಕ್ಕೆ ಎಂಟು ಅಂಕ ಹೋಯಿತು. ‘ಇವತ್ತು ಮಾತು ಸ್ವಲ್ಪ ಜಾಸ್ತಿ ಆಯ್ತು’ ಎಂದು ಟ್ಯೂಟರ್ ಮೇಡಂ ಹೇಳಿದಳು. ಹೇಳಿ, ಶುಕ್ರವಾರ ನಗದಿದ್ದವಳು ನಕ್ಕಳು. ಆದರೆ ಅದು ಮಾರನೆಯ ದಿನದ ಮಾತು. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಯಾರಿಗೂ ಅದು ಗೊತ್ತಿರಲಿಲ್ಲ, ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ಅತ್ತೆ ಮುಖ ಕೈಕಾಲು ಫಳಫಳ ಹೊಳೆಯುತ್ತಾ ಎದ್ದು ಕೂತು ‘ದೋಣಿ ಹತ್ತಬೇಕು’ ಎಂದು ಘೋಷಿಸಿದ್ದರು.

‘ನೀನಾ?’ ಎಂದ ಗಂಡ.

‘ಯಾಕೆ, ಹಂಸಕ್ಕೆ ನಾನು ಭಾರ ಆಗ್ತೀನಾ?’

ದೋಣಿಯವನು ನಾಲ್ವರಿಗೂ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ತೊಡಿಸಿದ. ಅತ್ತೆಯನ್ನು ದೋಣಿಗೆ ಹತ್ತಿಸುವಾಗ ಅವಳು ಕ್ಲಾಸಿನಲ್ಲಿ ಕಲಿಸಿದಂತೆ ಎದುರಿಗೆ ನಿಂತು, ಮಂಡಿ ಬಗ್ಗಿಸಿ, ಸೊಂಟಕ್ಕೆ ಕೈ ಕೊಟ್ಟು, ಒಂದು ಎರಡು ಮೂರು ಎಂದಳು. ಅತ್ತೆ ಎರಡಕ್ಕೇ ಹತ್ತಿಬಿಟ್ಟರು. ಮುಂದಿನ ಎರಡು ಸೀಟಿಗೆ ಪೆಡಲು, ನಡುವೆ ದಿಕ್ಕು ತಿರುಗಿಸುವ ಹಿಡಿ. ಗಂಡ ಅಭ್ಯಾಸಬಲದಿಂದ ಹಿಡಿಗೆ ಕೈ ಹಾಕಿದ. ಅತ್ತೆ ಆ ಕೈಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟರು. ‘ನೀನು ತುಳಿ. ಇವತ್ತು ನಾನು ಓಡಿಸ್ತೀನಿ.’ ಎಪ್ಪತ್ತೊಂದು ವರ್ಷದಲ್ಲಿ ಸೈಕಲ್ಲಿನ ಹಿಡಿಯನ್ನೂ ಹಿಡಿದವರಲ್ಲ. ಹಂಸ ಮೊದಲು ಕಟ್ಟೆಗೆ ಮೂತಿ ಒರೆಸಿತು, ಆಮೇಲೆ ಇನ್ನೊಂದು ಹಂಸದ ಬಾಲಕ್ಕೆ ಗುದ್ದಿತು, ಆಮೇಲೆ ಏನೋ ಕಳೆದುಕೊಂಡಂತೆ ಇದ್ದಲ್ಲೇ ಮೂರು ಸುತ್ತು ಸುತ್ತಿತು. ‘ಎಡಕ್ಕಮ್ಮಾ! ಎಡಕ್ಕೆ! ಎದುರಿಗೆ ಗಾಡಿ ಇದೆ!’ ‘ಸುಮ್ನಿರೋ, ಅವರಿಗೂ ಕಣ್ಣಿದೆ.’ ‘ಹಾರ್ನ್ ಹೊಡಿ ಅಜ್ಜಿ!’ ಎಂದು ಮಗಳು ಹಿಂದಿನಿಂದ ಕಿರುಚಿದಾಗ, ಅತ್ತೆ ಎಂದೂ ಹೊರಡಿಸದ ದನಿಯಲ್ಲಿ ‘ಪೋಂ’ ಎಂದು ಕೂಗಿದರು. ದಡದ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಅವಳು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿದ್ದಳು. ಅಲ್ಲಿ ಪೆಡಲಿಲ್ಲ, ಹಿಡಿಯಿಲ್ಲ, ಮಾಡಬೇಕಾದ್ದು ಏನೂ ಇಲ್ಲ. ಅವಳ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಬೆರಳ ತುದಿಗಳು ಇನ್ನೂ ನೀರಿಗೆ ಸುಕ್ಕಾಗಿದ್ದವು. ಮಗಳು ಬಗ್ಗಿ ಒಂದು ಕೈ ನೀರಿನಲ್ಲಿ ಎಳೆಯುತ್ತಾ ಇನ್ನೊಂದು ಕೈಯಲ್ಲಿ ತಾಯಿಯ ಸೆರಗು ಹಿಡಿದುಕೊಂಡಿದ್ದಳು. ಮುಂದೆ ಅಮ್ಮ ಮಗನ ಜಗಳ ಕಾವೇರಿತ್ತು. ಗಂಡನ ಬೆನ್ನು ಬೆವರಿತ್ತು, ಅತ್ತೆಯ ಬಿಳಿಗೂದಲು ಬಿಚ್ಚಿ ಗಾಳಿಗೆ ಎದ್ದಿತ್ತು. ಹಂಸ ಹೇಗೋ ನೇರ ದಾರಿ ಕಂಡುಕೊಂಡು ದಡದಿಂದ ದೂರ ದೂರ ಸಾಗಿತು. ಎಷ್ಟು ಹೊತ್ತಾಯಿತೆಂದು ಅವಳು ನೋಡಲಿಲ್ಲ. ನೋಡಲಿಲ್ಲ ಎಂಬುದೂ ಅವಳ ಗಮನಕ್ಕೆ ಬರಲಿಲ್ಲ. ದಡದಲ್ಲಿ ದೋಣಿಯವನು ಕಟ್ಟೆಯ ತುದಿಗೆ ಬಂದು ನಿಂತು ಸೀಟಿ ಊದಿದ, ಕೈ ಬೀಸಿದ. ಮತ್ತೊಮ್ಮೆ, ಉದ್ದಕ್ಕೆ, ಊದಿದ.

‘ಅಮ್ಮ, ಟೈಮ್ ಆಯ್ತಂತೆ. ಕರೀತಿದಾನೆ’ ಎಂದ ಗಂಡ, ಪೆಡಲು ನಿಲ್ಲಿಸಿ.

ಅತ್ತೆ ತಿರುಗಿಯೂ ನೋಡಲಿಲ್ಲ. ‘ಯಾರನ್ನೋ ಕರೀತಿರ್ಬೇಕು. ತುಳಿಯೋ ನೀನು’ ಎಂದು ಹಿಡಿಯನ್ನು ಕೆರೆಯ ನಡುವಿನ ಕಡೆಗೆ ತಿರುಗಿಸಿದರು. ಗಂಡ ಕತ್ತು ಹೊರಳಿಸಿ ಹೆಂಡತಿಯ ಮುಖ ನೋಡಿದ, ಏನು ಮಾಡಲಿ ಎನ್ನುವಂತೆ.

‘ತುಳೀರಿ’ ಎಂದಳು ಅವಳು.